ಮಳೆಗಾಲ, ವ್ಯಾಪಾರ ಮತ್ತು ವಿಮೆ



2022ರ ಆಗಸ್ಟ್ ಮೊದಲ ವಾರವನ್ನು ಭಟ್ಕಳದವರಾದ ನೀವು ಮರೆತಿರಲಿಕ್ಕಿಲ್ಲ. ಒಂದೇ ದಿನದಲ್ಲಿ ತಾಲೂಕಿನ ಕೆಲವೆಡೆ 500 ಮಿಲಿಮೀಟರಿಗಿಂತ ಹೆಚ್ಚು ಮಳೆ ಸುರಿಯಿತು. ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ಪ್ರಾಣ ಕಳೆದುಕೊಂಡರು. ಪೇಟೆಯ ಅಂಗಡಿಗಳಿಗೆ ನೀರು ನುಗ್ಗಿತು. ಹೋದ ಜೀವಕ್ಕೆ ಯಾವ ಪರಿಹಾರವೂ ಸಾಟಿಯಲ್ಲ. ನಾನು ಇಂದು ಹೇಳಹೊರಟಿರುವುದು ಹಾಳಾದ ಸರಕಿನ ಬಗ್ಗೆ, ಅದನ್ನು ನಂಬಿದ ಕುಟುಂಬಗಳ ಬಗ್ಗೆ.

ನನ್ನ ಪರಿಚಯದ ಬಟ್ಟೆ ವ್ಯಾಪಾರಿಯೊಬ್ಬರು ನೀರಿಳಿದ ಮೇಲೆ ಪಾಲಿಸಿ ತೆಗೆದು ನೋಡಿದರು. ಅಂಗಡಿಯಲ್ಲಿದ್ದ ಸರಕು 10 ಲಕ್ಷದ್ದು. ವಿಮೆ ಮಾತ್ರ ಹಳೆಯ ಬ್ಯಾಂಕ್ ಸಾಲದ ಲೆಕ್ಕದಲ್ಲಿ 5 ಲಕ್ಷಕ್ಕೆ. ನಷ್ಟವಾದದ್ದು 4 ಲಕ್ಷ, ಕೈಗೆ ಬಂದದ್ದು 2 ಲಕ್ಷ. ಇದರಲ್ಲಿ ಮೋಸವೇನೂ ಇಲ್ಲ. ಅರ್ಧ ಬೆಲೆಗೆ ವಿಮೆ ಮಾಡಿಸಿದರೆ ನಷ್ಟದಲ್ಲೂ ಅರ್ಧವೇ ಸಿಗುವುದು ವಿಮೆಯ ನಿಯಮ.

ವಿಮೆಯ ಮೂಲ ತತ್ವ ಸರಳ. ನೂರು ಅಂಗಡಿಯವರು ಸ್ವಲ್ಪ ಸ್ವಲ್ಪ ಕಟ್ಟುತ್ತಾರೆ. ಒಂದಕ್ಕೆ ಬೆಂಕಿ ಬಿದ್ದರೆ ಆ ಹಣದಿಂದ ಪರಿಹಾರ ಸಿಗುತ್ತದೆ. ಆದರೆ ನೆರೆ ಬಂದರೆ ನೂರು ಅಂಗಡಿಗಳೂ ಒಟ್ಟಿಗೆ ಮುಳುಗುತ್ತವೆ. ವಿಮಾ ಕಂಪನಿಗಳು ಹಿಂದಿನ ವರ್ಷಗಳ ಲೆಕ್ಕ ನೋಡಿ ಪ್ರೀಮಿಯಂ ನಿಗದಿ ಮಾಡುತ್ತವೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಅರಬ್ಬೀ ಸಮುದ್ರವೂ ಬಿಸಿಯಾಗುತ್ತಿದೆ. ಹೀಗಿರುವಾಗ ಹಳೆಯ ಲೆಕ್ಕ ಮುಂದಿನ ಮಳೆಗೆ ಸಾಲದು. ಜರ್ಮನಿಯ ಮರುವಿಮಾ ಸಂಸ್ಥೆ ಮ್ಯೂನಿಕ್ ರೇ 1973ರಲ್ಲೇ ಈ ಎಚ್ಚರಿಕೆ ನೀಡಿತ್ತು. 1992ರ ಆಂಡ್ರ್ಯೂ ಚಂಡಮಾರುತದ ನಂತರ ಅಮೆರಿಕದಲ್ಲಿ ಹಲವು ವಿಮಾ ಕಂಪನಿಗಳು ದಿವಾಳಿಯಾದವು. 2023ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸ್ಟೇಟ್ ಫಾರ್ಮ್ ಕಂಪನಿ ಮನೆಗಳಿಗೆ ಹೊಸ ವಿಮೆ ಕೊಡುವುದನ್ನೇ ನಿಲ್ಲಿಸಿತು.

ನಮ್ಮಲ್ಲಿ ಅಪಾಯಕ್ಕೆ ಮುಖಗಳು ಹಲವು. ಹೊನ್ನಾವರದಲ್ಲಿ ಶರಾವತಿ, ಕುಮಟಾದಲ್ಲಿ ಅಘನಾಶಿನಿ ಉಕ್ಕುತ್ತವೆ. ಅಡಿಕೆ ಬೆಳೆಗಾರರ ಹವಾಮಾನ ಆಧಾರಿತ ವಿಮೆಯಲ್ಲಿ ಪರಿಹಾರ ನಿರ್ಧಾರವಾಗುವುದು ಮಳೆಮಾಪಕದ ಅಂಕಿಯಿಂದ, ಉದುರಿದ ಕಾಯಿಯಿಂದಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಬಂದ್ ಆಯಿತು. ನಿಮ್ಮ ಅಂಗಡಿಗೆ ಏನೂ ಆಗದೆ, ರಸ್ತೆ ಮುಚ್ಚಿದ್ದರಿಂದ ಮಾತ್ರ ವ್ಯಾಪಾರ ನಿಂತರೆ ಸಾಮಾನ್ಯ ಪಾಲಿಸಿ ಅದಕ್ಕೆ ಹಣ ಕೊಡುವುದಿಲ್ಲ.

ಹಾಗಾದರೆ ಏನು ಮಾಡಬೇಕು? 2021ರ ಏಪ್ರಿಲ್ 1ರಿಂದ 5 ಕೋಟಿವರೆಗಿನ ವ್ಯಾಪಾರಗಳಿಗೆ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಎಂಬ ಪಾಲಿಸಿ ಬಂದಿದೆ. ಅದರಲ್ಲಿ ನೆರೆ, ಭೂಕುಸಿತ ಎರಡೂ ಸೇರಿವೆ. ಸರಕು ಹೆಚ್ಚಿದಂತೆ ವಿಮೆಯ ಮೊತ್ತವನ್ನೂ ಹೆಚ್ಚಿಸಿ. ಬಿಲ್ಲು, ದಾಸ್ತಾನು ಪುಸ್ತಕಗಳ ಪ್ರತಿ ಮನೆಯಲ್ಲೂ ಇರಲಿ. ನೀರು ನುಗ್ಗಿದರೆ ತೊಳೆಯುವ ಮುನ್ನ ಫೋಟೋ ತೆಗೆದು, ತಕ್ಷಣ ಕಂಪನಿಗೆ ತಿಳಿಸಿ. ಕಂಪನಿ ಕೈಕೊಟ್ಟರೆ ಬೆಂಗಳೂರಿನ ವಿಮಾ ಲೋಕಪಾಲರಿಗೆ ದೂರು ಕೊಡಬಹುದು, ಅದಕ್ಕೆ ಶುಲ್ಕವಿಲ್ಲ.

ವಿಮೆಯ ಬಗ್ಗೆ ಧಾರ್ಮಿಕ ಸಂಕೋಚ ಇರುವವರು ನಮ್ಮಲ್ಲಿದ್ದಾರೆ. ಗಲ್ಫ್‌ನಲ್ಲಿ ದುಡಿದವರಿಗೆ ಪರಸ್ಪರ ಸಹಾಯದ ತಕಾಫುಲ್ ಪದ್ಧತಿ ಗೊತ್ತಿದೆ. ಇದನ್ನು ಉಲಮಾಗಳ ಬಳಿ ಕೇಳಿ ತಿಳಿಯಿರಿ. ಆದರೆ ಕೇಳದೆ, ಮಾಡಿಸದೆ, ಬೇರೆ ವ್ಯವಸ್ಥೆಯೂ ಇಲ್ಲದೆ ಕೂರುವುದು ಸರಿಯಲ್ಲ.

ವಿಮೆ ನೀರನ್ನು ತಡೆಯುವುದಿಲ್ಲ. ಚರಂಡಿ ಮುಚ್ಚಿ, ಗುಡ್ಡ ಕಡಿದು ಕಟ್ಟಡ ಕಟ್ಟುತ್ತಾ ಹೋದರೆ ನಾಳೆ ಪ್ರೀಮಿಯಂ ನಮ್ಮ ಕೈಗೆ ಎಟುಕದು. ವಾಣಿಜ್ಯ ವಿಭಾಗದ ವಿದ್ಯಾರ್ಥಿಗಳೇ, ಈ ಮಳೆಗಾಲಕ್ಕೆ ಮುನ್ನ ನೀವು ಒಬ್ಬೊಬ್ಬರೂ ಐದು ಅಂಗಡಿಗಳಿಗೆ ಹೋಗಿ, ಅವರ ಪಾಲಿಸಿಯನ್ನು ಕನ್ನಡದಲ್ಲಿ ಓದಿ ಹೇಳಿ. ಓದಿದ ವಿದ್ಯೆ ಊರಿಗೆ ಉಪಯೋಗವಾಗುವುದು ಹಾಗೆ.