ಕೆರೆ ದಂಡೆಯ ಮನೆಗಳು
(ದೇವನೂರಿನಲ್ಲಿ ಮಾಡಿದ ಭಾಷಣದ ಸಾರ)



ಜೈಮಿನಿ ಭಾರತ ಬರೆದ ಲಕ್ಷ್ಮೀಶನ ಊರಿನಲ್ಲಿ ನಿಂತು ನಾನು ಇಂದು ಮಣ್ಣಿನ ಮಾತು ಆಡಬೇಕಾಗಿದೆ. ಕೆರೆ ದಂಡೆಯಲ್ಲಿ ಮನೆ ಮಾಡಿಕೊಂಡವರ ಕಷ್ಟ ಮಳೆಗಾಲದಲ್ಲಿ ಮಾತ್ರ ನಮ್ಮ ನೆನಪಿಗೆ ಬರುತ್ತದೆ. ತಳಪಾಯದ ಮಣ್ಣು ಜಾರುತ್ತದೆ, ಗೋಡೆ ಬಿರುಕು ಬಿಡುತ್ತದೆ, ಮೇಲಿನ ಓಣಿಯ ನೀರು ಹಿತ್ತಲಿಗೆ ನುಗ್ಗುತ್ತದೆ. ಆಗ ಎಲ್ಲರೂ ಕೇಳುವುದು ಒಂದೇ: "ಕೆರೆ ಅಂಚಿನಲ್ಲಿ ಮನೆ ಕಟ್ಟೆಂದು ಇವರಿಗೆ ಹೇಳಿದವರು ಯಾರು?"

ಉತ್ತರ ಕೊಡೋಣ. ಊರೊಳಗೆ ನಿವೇಶನ ಇಲ್ಲದವನು, ಅಂಗೈಯಗಲ ಜಮೀನು ಇಲ್ಲದವನು ಎಲ್ಲಿಗೆ ಹೋಗಬೇಕು? ಬಾಬಾಬುಡನ್ ಗಿರಿಯಲ್ಲಿ ಸುರಿಯುವ ಮಳೆ ನಮ್ಮ ಕಡೂರು ಬಯಲಿಗೆ ಬರುವ ಹೊತ್ತಿಗೆ ತೆಳುವಾಗುತ್ತದೆ. ಕೆಲವು ವರ್ಷ ಕೆರೆ ತುಂಬುವುದೇ ಇಲ್ಲ. ಒಣಗಿದ ಅಂಗಳ ಕಂಡ ಬಡವ ಅಲ್ಲಿ ಗುಡಿಸಲು ಹಾಕುತ್ತಾನೆ; ಉಳ್ಳವನು ಅದೇ ಅಂಗಳವನ್ನು ಉತ್ತು ತೋಟ ಮಾಡುತ್ತಾನೆ. ಆದರೆ ನೀರು ತನ್ನ ಜಾಗ ಮರೆಯುವುದಿಲ್ಲ. ಅಯ್ಯನಕೆರೆಯಿಂದ ವೇದಾ, ಮದಗದ ಕೆರೆಯಿಂದ ಅವತಿ ಹರಿದು ಕೂಡಿ, ವೇದಾವತಿಯಾಗಿ ಮಾರಿಕಣಿವೆಗೆ ಸೇರುತ್ತವೆ. ಆ ಮಾರಿಕಣಿವೆ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಬಿದ್ದದ್ದು 2022ರಲ್ಲಿ, 89 ವರ್ಷಗಳ ಮೇಲೆ. ತಂದೆ ಕಾಣದ ನೀರು ಮಗನ ಹೊಸ್ತಿಲಿಗೆ ಬರಬಲ್ಲದು.

ದಂಡೆ ಕುಸಿಯುವುದು ಹೇಗೆ? ಗಾಳಿಗೆ ಎದ್ದ ಅಲೆ ಮಣ್ಣು ತಿನ್ನಬಾರದೆಂದು ಹಿರಿಯರು ಏರಿಯ ಒಳಮೈಗೆ ಕಲ್ಲು ಕಟ್ಟಿದರು. ಮನೆಗಳಿರುವ ದಂಡೆಗೆ ಆ ಕಲ್ಲಿಲ್ಲ. ಹುಲ್ಲು, ಹೊಂಗೆ, ಲಕ್ಕಿ ಗಿಡಗಳ ಬೇರೇ ಅಲ್ಲಿ ಕಾವಲು. ಅವನ್ನು ಕಿತ್ತರೆ ಅಲೆ ಬುಡ ಕೊರೆಯುತ್ತದೆ. ನೀರು ಇಳಿದಾಗ ನೆನೆದ ಮಣ್ಣು ತನ್ನ ಭಾರಕ್ಕೆ ತಾನೇ ಜಾರುತ್ತದೆ.

ಆದರೆ ದೊಡ್ಡ ಪೆಟ್ಟು ಬೀಳುವುದು ಹಿಂದಿನಿಂದ. ಒಂದು ಎಕರೆಗೆ 25 ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು ಒಂದು ಲಕ್ಷ ಲೀಟರ್ ನೀರು. ಗೋಮಾಳದಲ್ಲಿ ಹುಲ್ಲಿದ್ದರೆ, ಹೊಲದ ಇಳಿಜಾರಿಗೆ ಅಡ್ಡವಾಗಿ ಬದುವಿದ್ದರೆ, ಆ ನೀರು ಇಂಗುತ್ತ ನಿಧಾನವಾಗಿ ಇಳಿಯುತ್ತದೆ. ಹುಲ್ಲು ಹೋಗಿ, ಬದು ಒಡೆದು, ಕೆರೆಯ ಕಾಲುವೆ ಒತ್ತುವರಿಯಾದರೆ ಅದೇ ನೀರು ಮಣ್ಣು ಹೊತ್ತು ಒಮ್ಮೆಗೇ ಓಡಿಬರುತ್ತದೆ. ದಾರಿಯಲ್ಲಿ ಬಡವನ ಗೋಡೆ ಬೀಳುತ್ತದೆ, ಕೊನೆಗೆ ಕೆರೆಯಲ್ಲಿ ಹೂಳು ನಿಲ್ಲುತ್ತದೆ. ಹೂಳು ತುಂಬಿದ ಕೆರೆ ಸ್ವಲ್ಪ ಮಳೆಗೇ ಅಗಲಕ್ಕೆ ಹರಡಿ ಮತ್ತಷ್ಟು ಮನೆಗಳನ್ನು ಮುಟ್ಟುತ್ತದೆ. ಮೇಲಿನವನು ಮಾಡಿದ ತಪ್ಪಿಗೆ ಕೆಳಗಿನವನು ದಂಡ ಕಟ್ಟುತ್ತಾನೆ.

2014ರ ಕೆರೆ ಸಂರಕ್ಷಣಾ ಕಾನೂನು ಕೆರೆಯ ಸುತ್ತ 30 ಮೀಟರಿನೊಳಗೆ ಕಟ್ಟಡ ಬೇಡವೆಂದಿತು. 2025ರಲ್ಲಿ ಆ ಅಂತರವನ್ನು ಕೆರೆಯ ಅಳತೆಗೆ ತಕ್ಕಂತೆ ಇಳಿಸುವ ಮಸೂದೆ ಶಾಸನಸಭೆಗೆ ಬಂತು. ಅಂತರ ಎಷ್ಟೇ ಇರಲಿ, ಅಳತೆಯ ಸರಪಳಿ ಗುಡಿಸಲಿನವರೆಗೆ ಬಂದು ತೋಟದ ಬೇಲಿಯ ಮುಂದೆ ನಿಂತುಬಿಡಬಾರದು.

ನಾವು ಕೇಳಬೇಕಾದುದು ಮೂರು. ಕೆರೆಯನ್ನೂ ಅದರ ಕಾಲುವೆಗಳನ್ನೂ ಪೂರ್ತಿ ಅಳೆದು, ಒತ್ತುವರಿಯನ್ನು ದೊಡ್ಡವರಿಂದ ಮೊದಲು ಬಿಡಿಸಬೇಕು. ಕುಸಿಯುವ ದಂಡೆಯವರಿಗೆ ಊರ ಹತ್ತಿರವೇ ಎತ್ತರದ ನಿವೇಶನ ಕೊಟ್ಟು, ಆಮೇಲೆ ಎಬ್ಬಿಸಬೇಕು. ಬದು, ಕಾಲುವೆ, ಹೂಳಿನ ಕೆಲಸ ಗುತ್ತಿಗೆದಾರನ ಯಂತ್ರಕ್ಕೆ ಹೋಗದೆ ಊರಿನ ಕೂಲಿಗಾರರಿಗೆ ಸಿಗಬೇಕು; ತೆಗೆದ ಗೋಡು ಸಣ್ಣ ರೈತನ ಹೊಲ ಸೇರಬೇಕು.

ಗೋಡೆ ಬಿದ್ದ ಮೇಲೆ ಪರಿಹಾರಕ್ಕೆ ಅರ್ಜಿ ಬರೆಯುವುದನ್ನು ನಾವು ಚೆನ್ನಾಗಿ ಕಲಿತಿದ್ದೇವೆ. ಈ ಸಲ ಮುಂಗಾರಿಗೆ ಮೊದಲೇ ಗ್ರಾಮಸಭೆಗೆ ಹೋಗಿ ಈ ಮೂರನ್ನೂ ನಡಾವಳಿ ಪುಸ್ತಕದಲ್ಲಿ ಬರೆಸೋಣ. ದಂಡೆಯ ಮನೆಯವರು ಮುಂದೆ ಕೂರಲಿ. ದಿಬ್ಬದ ಮೇಲೆ ಹೊಲವಿರುವವರು ಅವರ ಪಕ್ಕದಲ್ಲಿ ಕೂರಲಿ.