ಹೆಜ್ಜಾರ್ಲೆಯ ಮೇಲುಗೊಬ್ಬರ

(ಕಿರುಗಾವಲಿನ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಚಳಿಗಾಲದಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟಲು ಬರುತ್ತವೆ. ಅವನ್ನು ನೋಡಲು ನಿಮ್ಮೂರಿನ ಕೆಲವರೊಡನೆ ಹೋಗಿದ್ದೆ. ಹುಣಿಸೆ ಮರದಡಿ ಬಾಯಿ ತೆರೆದು ನಿಂತಿದ್ದ ಗೆಳೆಯರೊಬ್ಬರ ಬಿಳಿ ಅಂಗಿಯ ಮೇಲೆ ಹಿಕ್ಕೆ ಬಿತ್ತು. "ಮೇಲುಗೊಬ್ಬರ ಆಯ್ತು ಸ್ವಾಮಿ, ಇನ್ನು ನೀರು ಕಟ್ಟಿ" ಎಂದರು ಅಲ್ಲಿನ ಯಜಮಾನರೊಬ್ಬರು!

ತಮಾಷೆಯಾದರೂ ಮಾತು ನಿಜ. ಮೀನು ತಿನ್ನುವ ಹಕ್ಕಿಯ ಹಿಕ್ಕೆಯಲ್ಲಿ ಸಾರಜನಕ, ರಂಜಕ ಎರಡೂ ಉಂಟು. ಅಲ್ಲಿನ ರೈತರು ಅದನ್ನು ಕೆರೆಗೋಡಿನೊಡನೆ ಬೆರೆಸಿ ಹೊಲಗದ್ದೆಗೆ ಹಾಕುತ್ತ ಬಂದವರು. 2007ರಲ್ಲಿ ಆ ಊರು ಸಮುದಾಯ ಮೀಸಲು ಪ್ರದೇಶವಾಯಿತು.

ಆದರೆ ಹಕ್ಕಿ ಮೇಯುವುದು ಸುತ್ತಲಿನ ಕೆರೆಗಳಲ್ಲಿ. ಕೀಟನಾಶಕ ಕೆರೆ ಸೇರಿದರೆ ಮೀನು ಉಳಿಯದು, ಹಕ್ಕಿಯೂ ಬಾರದು. ಆದ್ದರಿಂದ ಔಷಧಿ ಹೊಡೆದೊಡನೆ ಗದ್ದೆಯ ನೀರು ಬಿಡಬೇಡಿ. ಪಂಪು, ಡಬ್ಬಗಳನ್ನು ಕೆರೆಯಲ್ಲಿ ತೊಳೆಯಬೇಡಿ. ಪುಕ್ಕಟೆ ಗೊಬ್ಬರ ಕೊಡುವ ನೆಂಟನಿಗೆ ವಿಷದೂಟ ಸಲ್ಲದು.