ಸಾಕ್ಷಿ ಹೆಚ್ಚಾದ ಒಲವು



ಕಾಳಿದಾಸನ ಶಾಕುಂತಲವನ್ನು ತಾವೆಲ್ಲರೂ ಬಲ್ಲಿರಿ. ಕಣ್ವಾಶ್ರಮದ ಗಾಂಧರ್ವ ವಿವಾಹಕ್ಕೆ ಗುರುತಾಗಿ ಉಳಿದುದು ಒಂದು ಉಂಗುರ. ಅದೂ ನೀರಿಗೆ ಬಿದ್ದಿತು. ದುಷ್ಯಂತನ ಸಭೆಯಲ್ಲಿ ಶಕುಂತಲೆಯ ಮಾತು ನಿಲ್ಲಲಿಲ್ಲ. ಸಾಕ್ಷಿಯಿಲ್ಲದ ಒಲವಿನ ಸಂಕಟ ಅದು. ಬಹುಕಾಲ ಈ ಕಥೆಯನ್ನು ಮಕ್ಕಳಿಗೆ ಹೇಳುತ್ತ ಬಂದ ನನಗೆ ಈಚೆಗೆ ಇದಕ್ಕೆ ತಿರುಗುಮುರುಗಾದ ಸಂಕಟವೊಂದು ಕಾಣುತ್ತಿದೆ. ಅದು ಸಾಕ್ಷಿ ಹೆಚ್ಚಾದ ಒಲವು.

ನಮ್ಮ ಹೊಸಹಳ್ಳಿಯ ಸುತ್ತಿನಲ್ಲಿ ಮೊಬೈಲು ಇಲ್ಲದ ಮನೆ ಇಂದು ಅಪರೂಪ. ಟಿಕ್‌ಟಾಕನ್ನು ಸರ್ಕಾರವು 2020ರ ಜೂನ್ ತಿಂಗಳಲ್ಲಿ ನಿಷೇಧಿಸಿತು. ಅದೇ ವರ್ಷ ಇನ್‌ಸ್ಟಾಗ್ರಾಮಿನ ರೀಲ್ಸೂ ಯೂಟ್ಯೂಬಿನ ಶಾರ್ಟ್ಸೂ ಬಂದುವು. ಹದಿನಾರು ಹದಿನೇಳರ ಹುಡುಗ ಹುಡುಗಿಯರು ಜೋಡಿಯಾಗಿ ನಿಂತು, ಸಿನಿಮಾ ಹಾಡಿಗೆ ತುಟಿಯಾಡಿಸಿ, ತಮ್ಮ ಮುನಿಸು ರಾಜಿಗಳನ್ನು ಅಲ್ಲಿ ಲೋಕಕ್ಕೆ ತೋರುತ್ತಾರೆ. ನೋಡುವವರು ಹೆಚ್ಚಿದಷ್ಟೂ ತೋರುವ ಹಂಬಲವೂ ಹೆಚ್ಚುತ್ತದೆ. ಅವರನ್ನು ಜರೆಯುವುದು ನನ್ನ ಉದ್ದೇಶವಲ್ಲ. ಆ ವಯಸ್ಸಿಗೆ ಒಲವು ಸಹಜ. ಮೆಚ್ಚುಗೆಯ ಹಸಿವೂ ಸಹಜ.

ಕೆಲವು ವರ್ಷಗಳ ಹಿಂದೆ ನನ್ನಲ್ಲಿ ಓದುತ್ತಿದ್ದ ಹುಡುಗಿಯೊಬ್ಬಳು ಹತ್ತನೆಯ ತರಗತಿಯ ನಡುವೆ ಶಾಲೆ ಬಿಟ್ಟಳು. ಗೆಳೆಯನೊಡನೆ ತೆಗೆದ ಒಂದು ನಿಮಿಷದ ವೀಡಿಯೊ ಊರೆಲ್ಲ ಹರಿದಾಡಿತ್ತು. ನಾನು ಮನೆಗೆ ಹೋದೆ. "ಗಂಡು ನೋಡಾಕ ಹತ್ತೀವಿ ಸಾರ್" ಎಂದರು ತಂದೆ. ಬಾಗಿಲ ಮರೆಯಿಂದ ಹುಡುಗಿ, "ಅದನ್ನ ಅವತ್ತೇ ಅಳಿಸೀನಿ ಸಾರ್" ಎಂದಳು. ಅವಳು ಅಳಿಸಿದ್ದು ನಿಜ. ಆದರೆ ಕಂಡವರ ಮೊಬೈಲುಗಳಲ್ಲಿ ಅದು ಉಳಿದಿತ್ತು.

ಹಡಗಲಿ ತಾಲೂಕಿನ ಮೈಲಾರದಲ್ಲಿ ಗೊರವಯ್ಯನು ಬಿಲ್ಲನ್ನೇರಿ ಕಾರಣಿಕ ನುಡಿಯುವುದನ್ನು ತಾವು ಕಂಡಿರಬಹುದು. ನುಡಿಯುವುದು ಒಂದೇ ಮಾತು. ಅದಕ್ಕೆ ಅರ್ಥ ಕಟ್ಟುವವರು ಕೇಳಿದ ಜನ. ಒಬ್ಬೊಬ್ಬರದು ಒಂದೊಂದು ಅರ್ಥ. ವೀಡಿಯೊದ ಗತಿಯೂ ಹೀಗೆಯೇ. ಆಡಿದವರ ಕೈಯಲ್ಲಿ ಅದು ನಿಲ್ಲದು.

ಕಾನೂನಿನ ಮಾತೂ ಇದೆ. 2012ರ ಪೋಕ್ಸೊ ಕಾಯಿದೆಯಂತೆ 18 ತುಂಬದವರೆಲ್ಲರೂ ಮಕ್ಕಳೇ. ಲೈಂಗಿಕ ಸಂಬಂಧಕ್ಕೆ ಅವರ ಒಪ್ಪಿಗೆಯು ಒಪ್ಪಿಗೆಯೆನಿಸದು. ಆಟಕ್ಕೆ ತೆಗೆದ ಚಿತ್ರವೇ ಮುಂದೆ ಮೊಕದ್ದಮೆಗೆ ದಾರಿಯಾಗಬಹುದು. ಇತ್ತ ಮಾನಕ್ಕೆ ಹೆದರಿ 18 ತುಂಬದ ಹುಡುಗಿಯ ಮದುವೆ ಮಾಡಿದರೆ, ಕರ್ನಾಟಕದ 2016ರ ತಿದ್ದುಪಡಿಯಂತೆ ಆ ಮದುವೆ ಅಸಿಂಧು; ಮಾಡಿಸಿದವರಿಗೆ ಶಿಕ್ಷೆಯೂ ಉಂಟು. ಒಂಬತ್ತನೆಯ ತರಗತಿಯಿಂದಲೇ ಮಕ್ಕಳಿಗೆ ಪೋಕ್ಸೊ ಕಾಯಿದೆಯ ತಿಳಿವಳಿಕೆ ಕೊಡಬೇಕೆಂದು ನಮ್ಮ ಹೈಕೋರ್ಟು 2022ರಲ್ಲಿ ಹೇಳಿತು.

ಇಷ್ಟನ್ನೇ ಆ ತಂದೆಗೆ ಹೇಳಿದೆ. ಮೂರು ಸಲ ಹೋಗಬೇಕಾಯಿತು. ಕೊನೆಗೆ ಹುಡುಗಿ ಪರೀಕ್ಷೆಗೆ ಕುಳಿತಳು, ತೇರ್ಗಡೆಯೂ ಆದಳು. ಆದರೆ ಆ ವರ್ಷ ಅವಳು ತಲೆಯೆತ್ತಿ ನಡೆದುದನ್ನು ನಾನು ಕಾಣಲಿಲ್ಲ.

ಆದುದರಿಂದ ತಾಯಿತಂದೆಗಳಲ್ಲಿ ನನ್ನ ಬಿನ್ನಹವಿಷ್ಟೆ: ಬೈಯುವ ಮೊದಲು ಮಗುವಿನ ಪಕ್ಕದಲ್ಲಿ ಕುಳಿತು ಅದರ ಮಾತು ಕೇಳಿ. ಚಿತ್ರ ತೋರಿಸಿ ಯಾರಾದರೂ ಬೆದರಿಸಿದರೆ, ಮದುವೆಗೆ ಒತ್ತಾಯ ಬಂದರೆ, 1098ಕ್ಕೆ ಕರೆ ಮಾಡಬಹುದೆಂದು ಮಕ್ಕಳಿಗೂ ತಿಳಿಸಿಡಿ. ಮಕ್ಕಳೆ, ನಿಮಗೂ ಒಂದು ಮಾತು: ದುಷ್ಯಂತನ ಉಂಗುರ ಮೀನಿನ ಹೊಟ್ಟೆಯಿಂದ ಮರಳಿ ಬಂದಿತು. ಊರ ಕೈಗೆ ಕೊಟ್ಟ ಚಿತ್ರ ಹಾಗೆ ಮರಳಿ ಬರುವುದಿಲ್ಲ. ಕೊಡುವ ಮುನ್ನ ಒಂದು ರಾತ್ರಿ ಯೋಚಿಸಿ.